ಫಕೀರಪ್ಪನ ಭೂತಕಾಲ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ತಾಯಿ ಹಿಂದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಅಕ್ಕೋರು.

ಒಂದು ದಿನ ಅಡುಗೆಯ ಫಕೀರಪ್ಪ ಅವರ ಮುಂದೆ ಬಂದು ಕುಳಿತ.

"ಅಕ್ಕೋರ, ನನಗ ಇಂಗ್ಲಿಷ್ ಕಲಸ್ರಿ."

"ಯಾಕೋ ತಮ್ಮಾ?"

"ಇನ್ನ ಮ್ಯಾಲ ನನ್ನ ನೋಡಿ ಯಾರೂ ನಗಬಾರದ್ರಿ."

ನಕ್ಕವನು ಜೊತೆಯ ಅಡುಗೆಯವ ಶಿವಪುತ್ರ. ಇಬ್ಬರೂ ಒಂದೇ ಒಲೆಯ ಮುಂದೆ ಬೆವರು ಸುರಿಸಿದವರು, ಒಂದೇ ತಟ್ಟೆಯಲ್ಲಿ ಉಂಡವರು.

ದೀಪಾವಳಿಯಲ್ಲಿ ಪರದೇಶದ ಅತಿಥಿಯೊಬ್ಬಳು ಬಂದಿದ್ದಳು. ನಿನ್ನೆ ನಿಮಗೆ ಅಡುಗೆ ಮಾಡಿದ್ದು ನಾನೇ ಎಂದು ಹೇಳಹೋಗಿ ಫಕೀರಪ್ಪ, "ಯೆಸ್ಟರ್‌ಡೇ ಐ ಕುಕ್ ಯು" ಎಂದುಬಿಟ್ಟ. ನಿನ್ನೆ ನಿಮ್ಮನ್ನೇ ಬೇಯಿಸುತ್ತೇನೆ ಎಂದ ಹಾಗಾಯಿತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದಲ್ಲಿದ್ದ ಶಿವಪುತ್ರ ಅವಳಿಗಿಂತ ಜೋರಾಗಿ ನಕ್ಕ.

ಅಂದಿನಿಂದ ಇಬ್ಬರ ನಡುವೆ ಮಾತು ಬಂದ್.

ಸಾರಿಗೆ ಉಪ್ಪು ಹಾಕಿದೆಯಾ ಎಂದು ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ. ಒಮ್ಮೆ ಇಬ್ಬರೂ ಹಾಕುತ್ತಿದ್ದರು, ಒಮ್ಮೆ ಇಬ್ಬರೂ ಬಿಡುತ್ತಿದ್ದರು. ಆಶ್ರಮದವರು ಬಂದದ್ದನ್ನು ಬಂದ ಹಾಗೆ ನುಂಗುತ್ತಿದ್ದರು.

ಅಕ್ಕೋರು ಹಲಗೆಯ ಮೇಲೆ ವಾಕ್, ಕುಕ್, ಲಾಫ್ ಎಂದು ಬರೆದು ಪಾಠ ಶುರು ಮಾಡಿದರು.

"ಇವು ಸಾದಾ ಕ್ರಿಯಾಪದ. ಅಂವ, ಆಕಿ ಅಂದ್ರ ಕೊನಿಗೆ ಎಸ್ ಹಚ್ಚು. ಮುಗಿದುಹೋದ ಕೆಲಸಾದ್ರ ಇ-ಡಿ ಹಚ್ಚು. ಅಷ್ಟ."

"ಎಲ್ಲಾ ಕ್ರಿಯಾಪದಕ್ಕೂ ಹಿಂಗ ಏನ್ರಿ?"

"ಹಟಮಾರಿಗಳು ಬ್ಯಾರೆ ಅದಾವು. ಅವನ್ನ ಆಮ್ಯಾಲ ನೋಡೂಣು. ಇವು ಹೇಳಿದಂಗ ಕೇಳ್ತಾವು. ಬರಿಯೂದು ಇ-ಡಿ, ಬಾಯಾಗ ಮಾತ್ರ ಕೆಲವಕ್ಕ 'ಟ್' ಅಂತ ಬರ್ತೈತಿ. ವಾಕ್, ವಾಕ್ಟ್."

ಫಕೀರಪ್ಪ ರೊಟ್ಟಿ ಬಡಿಯುತ್ತಲೇ ಕಲಿತ. ಒಂದು ಬಡಿತಕ್ಕೆ ಕುಕ್, ಮತ್ತೊಂದು ಬಡಿತಕ್ಕೆ ಕುಕ್ಟ್. ರೊಟ್ಟಿಗಳು ಹಿಂದೆಂದೂ ಅಷ್ಟು ತೆಳ್ಳಗೆ ಬಂದಿರಲಿಲ್ಲ.

ಯುಗಾದಿ ಕಳೆಯಿತು. ಅಕ್ಕೋರು ಯಾವ ಪದ ಕೇಳಿದರೂ ಅವನು ತಡವರಿಸದೆ ಒಪ್ಪಿಸತೊಡಗಿದ.

"ಶಾಣ್ಯಾ ಆದಿ," ಎಂದರು ಅಕ್ಕೋರು. "ಈಗ ನಿಂದ ಒಂದು ವಾಕ್ಯ ಹೇಳು. ಖರೇ ಇರೂದು."

ಫಕೀರಪ್ಪ ಯೋಚಿಸಲೇ ಇಲ್ಲ. "ಶಿವಪುತ್ರ ಲಾಫ್ಸ್ ಅಟ್ ಮಿ."

"ತಪ್ಪು."

"ಎಸ್ ಹಚ್ಚೀನಲ್ರಿ!"

"ಎಸ್ ಬರೋಬ್ಬರಿ ಐತಿ. ಅಂವ ನಕ್ಕದ್ದು ಯಾವಾಗ?"

"ದೀಪಾವಳಿಗೆ."

"ಮತ್ತ?"

ಏನು ಹೇಳಬೇಕೆಂದು ಅವನಿಗೆ ಗೊತ್ತಿತ್ತು. ಆದರೂ ತಲೆ ಅಲ್ಲಾಡಿಸಿದ.

"ಅಕ್ಕೋರ, ಆ ನಗು ನನಗಿನ್ನೂ ಕೇಳಸ್ತೈತ್ರಿ. ರೊಟ್ಟಿ ಬಡಿಯಾಗೂ ಕೇಳಸ್ತೈತಿ, ಮಲಗಿದ್ರೂ ಕೇಳಸ್ತೈತಿ. ಮುಗೀಲಾರದ್ದಕ್ಕ ಇ-ಡಿ ಹೆಂಗ ಹಚ್ಚಲಿ?"

ಅಕ್ಕೋರು ಹಲಗೆಯನ್ನು ಪಕ್ಕಕ್ಕಿಟ್ಟರು.

"ಹಂಗಾರ ಅಂವನ್ನ ಕೇಳಿ ಬಾ. ನಗಾಕತ್ತಾನೋ, ನಕ್ಕು ಮುಗಿಸ್ಯಾನೋ."

"ನಾನಾ? ಅಂವನ್ನ?"

"ಲಗೂ ಹೋಗು, ಹೊಳಿ ಹತ್ತರ ಅದಾನ. ನಾಳೆ ಅಂವ ಆಚಿ ದಂಡಿ ಮಠಕ್ಕ ಹೊಂಟಾನ. ಇನ್ನ ಇಲ್ಲಿ ಇರೂದಿಲ್ಲ ಅಂತ ಬಂದು ಹೇಳ್ಯಾನ."

ಫಕೀರಪ್ಪ ಧಡಕ್ಕನೆ ಎದ್ದ. ಹೋದರೆ ಹೋಗಲಿ ಬಿಡ್ರಿ ಎನ್ನಬೇಕೆಂದುಕೊಂಡ. ಆದರೆ ಕಾಲು ಆಗಲೇ ಹೊಳೆಯ ಕಡೆ ಹೊರಟಿದ್ದವು.

ಶಿವಪುತ್ರ ಮೊಳಕಾಲು ನೀರಿನಲ್ಲಿ ನಿಂತು ದೊಡ್ಡ ಕೊಪ್ಪರಿಗೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದ.

ಫಕೀರಪ್ಪ ಮೆಟ್ಟಿಲ ಮೇಲೆ ನಿಂತ. ಅವನ ಮುಂದೆ ಇಷ್ಟು ತಿಂಗಳು ಮುಚ್ಚಿದ್ದ ಬಾಯಲ್ಲಿ ಕನ್ನಡ ಬರಲೊಲ್ಲದು. ಇಂಗ್ಲಿಷೇ ಹಗುರ ಎನಿಸಿತು.

"ಡು ಯು ಲಾಫ್ ಅಟ್ ಮಿ?"

ಶಿವಪುತ್ರ ತಲೆಯೆತ್ತಿದ. ತಿಕ್ಕುವ ಕೈ ನಿಂತಿತು. ತುಟಿ ಸದ್ದಿಲ್ಲದೆ ಆಡಿದವು.

"ನೋ," ಎಂದ. ಮತ್ತೆ ಏನನ್ನೋ ಹುಡುಕಿದ. "ಐ... ಲಾಫೆಡ್."

ಫಕೀರಪ್ಪ ತುಟಿ ಕಚ್ಚಿ ಹಿಡಿದ. ಹಿಡಿಯಲಾಗಲಿಲ್ಲ. ಗೊಳ್ಳೆಂದು ನಕ್ಕುಬಿಟ್ಟ.

"ಲಾಫೆಡ್ ಅಲ್ಲಲೇ! ಲಾಫ್ಟ್!"

"ನನಗೇನು ಗೊತ್ತೋ? ಗ್ವಾಡಿ ಆಚೆ ಅಕ್ಕೋರು ಲಾಫ್ ಅಂದ್ರ ನಗೂದು, ಇ-ಡಿ ಹಚ್ಚು, ಇ-ಡಿ ಹಚ್ಚು ಅನ್ನೂದು ಕೇಳ್ತಿತ್ತು. ಹಚ್ಚಿದೆ."

"ಮತ್ತ ಆವತ್ತು ನನ್ನ ಇಂಗ್ಲಿಷ್ ತಪ್ಪಿದ್ದಕ್ಕ ನಕ್ಕಿ?"

"ಆವಾಗ ನಿನ್ನ ಇಂಗ್ಲಿಷ್ ನನಗೆಲ್ಲಿ ತಿಳೀತಿತ್ತು! ನೀ ಏನೋ ಅಂದಿ, ಆಕಿ ನಕ್ಕಳು. ಅಡಗಿ ಆಕೀಗೆ ಭಾಳ ಸೇರೈತಿ ಅಂತ ತಿಳಕೊಂಡು ನಾನೂ ಖುಷಿಗೆ ನಕ್ಕೆ. ಮರುದಿನದಿಂದ ನೀನ ಮುಖ ತಿರಗಿಸಿದಿ. ಯಾಕಂತ ಯಾರನ್ನ ಕೇಳಲಿ?"

ಫಕೀರಪ್ಪ ಮೆಟ್ಟಿಲಿಳಿದು ನೀರಿಗೆ ಬಂದ. ಅಂದು ತಾನು ಹೇಳಿದ್ದರ ಅರ್ಥವನ್ನು ಕೆಳದನಿಯಲ್ಲಿ ಬಿಡಿಸಿ ಹೇಳಿದ.

"ಏನು?" ಶಿವಪುತ್ರನ ಕಣ್ಣು ಅರಳಿದವು. "ಆಕೀನ್ನ ಕುದಸಾಕ ನಿಂತಿದ್ದಿ?"

ಈಗ ಅವನು ತಿಳಿದು ನಕ್ಕ. ನಕ್ಕ ರಭಸಕ್ಕೆ ಕೊಪ್ಪರಿಗೆ ಕೈಜಾರಿ ಹೊಳೆಯಲ್ಲಿ ತೇಲಿಕೊಂಡು ಹೊರಟಿತು. ಇಬ್ಬರೂ ಕೂಗುತ್ತಾ, ಬೀಳುತ್ತಾ ಅದರ ಹಿಂದೆ ಓಡಿದರು.

ಆಶ್ರಮಕ್ಕೆ ಮರಳಿದಾಗ ಇಬ್ಬರೂ ತೊಯ್ದು ತಪ್ಪಡಿಯಾಗಿದ್ದರು. ಕೊಪ್ಪರಿಗೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡಿದಿದ್ದರು.

"ಅಕ್ಕೋರ, ನಾ ಎಲ್ಲೂ ಹೋಗೂದಿಲ್ರಿ," ಎಂದು ಶಿವಪುತ್ರ ಕೊಪ್ಪರಿಗೆ ಹೊತ್ತುಕೊಂಡು ಅಡುಗೆಮನೆಗೆ ನಡೆದ. ಅಲ್ಲಿಂದ ಪಾತ್ರೆಗಳ ಸದ್ದಿನ ನಡುವೆ ಅವನ ನಗು ಕೇಳುತ್ತಲೇ ಇತ್ತು.

"ಏನಾತು?" ಅಕ್ಕೋರು ಕೇಳಿದರು. "ಇಂಗ್ಲಿಷಿನ್ಯಾಗ ಹೇಳು."

ಫಕೀರಪ್ಪ ನೆಟ್ಟಗೆ ನಿಂತ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಅಕ್ಷರವೂ ಆಚೀಚೆಯಾಗದ ಹಾಗೆ ಹೇಳಿದ.

"ವಿ ಲಾಫ್ಟ್, ಅಕ್ಕೋರ."

ಹೇಳಿ, ಶಾಣ್ಯಾ ಎನಿಸಿಕೊಳ್ಳಲು ಕಾದ.

ಅಕ್ಕೋರು ಅಡುಗೆಮನೆಯ ಕಡೆಗೊಮ್ಮೆ ಕಿವಿಗೊಟ್ಟರು.

"ಇದಕ್ಕ್ಯಾಕ ಇ-ಡಿ ಹಚ್ಚಿದಿ?"