ಕಡವಿನಯ್ಯನ ಸಿಂಬೆ

"ಗುರುಗಳೇ, ನಾಳೆ ನನಗೆ ಕಿರಿಮಠದ ಪಟ್ಟ ಕಟ್ಟುತ್ತಾರೆ. ಅಷ್ಟು ದೊಡ್ಡ ಪಟ್ಟ ಈ ಸಣ್ಣ ತಲೆಯ ಮೇಲೆ ನಿಂತೀತೇ?" ಎಂದು ಮುರಿಗಯ್ಯ ಕೇಳಿದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಒಂದು ಬೊಗಸೆ ಕಾಯನ್ನು ಶಿಷ್ಯನ ಮುಂದಕ್ಕೂ ಸರಿಸಿದರು. ಕೈ ಸುಮ್ಮನಿರಬಾರದು, ಸುಲಿಯುತ್ತ ಕೇಳು ಎಂದು ಕತೆ ಶುರು ಮಾಡಿದರು.

ಒಂದು ಚಕ್ರಾಧಿಪತ್ಯ ಇತ್ತು. ಇತ್ತು ಅಂದಮೇಲೆ ಬಿತ್ತು ಅಂತ ಬೇರೆ ಹೇಳಬೇಕೇ? ಚಕ್ರವರ್ತಿ ಹೊಳೆ ದಾಟಿ ಓಡುವ ಗಡಿಬಿಡಿಯಲ್ಲಿ ಅವನ ಕಿರೀಟ ದೋಣಿ ನಿಲ್ಲುವ ಕಡವಿನ ಮರಳಿನಲ್ಲಿ ಉಳಿದುಹೋಯಿತು. ಆ ಕಡವಿನ ಸುತ್ತ ಏಳು ಊರು, ಏಳು ಊರಿಗೆ ಏಳು ಗೌಡರು. ಕಿರೀಟ ನನಗೆ, ನನಗೆ ಎಂದು ಏಳೂ ಜನ ಮೀಸೆ ತಿರುವಿದರು. ಕೊನೆಗೆ ಕಡವಿನ ದೇವರ ಪೂಜಾರಿ ಒಂದು ದಾರಿ ಹೇಳಿದ. ನಿಮ್ಮಲ್ಲಿ ಯಾರಿಗೂ ಬೇಡ, ಕಡವಿನಯ್ಯನೇ ರಾಜನಾಗಲಿ. ಅಪ್ಪಣೆಯೆಲ್ಲ ದೇವರದು, ಅದನ್ನು ಬಾಯಿಬಿಟ್ಟು ಹೇಳುವ ಕೆಲಸವಷ್ಟೇ ನನ್ನದು ಎಂದ. ಪಾಪ, ಅವನಿಗೆ ಬೇರೆ ಆಸೆಯೇ ಇರಲಿಲ್ಲ ನೋಡು.

ಗೌಡರು ಒಪ್ಪಿದರು. ಒಪ್ಪಿ ಒಂದು ಕೊಕ್ಕೆ ಹಾಕಿದರು. ಹೊತ್ತು ಇಳಿಯುವುದರೊಳಗೆ ದೇವರ ತಲೆಯ ಮೇಲೆ ಕಿರೀಟ ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಏಳು ತುಂಡು ಮಾಡಿ ಏಳು ರಾಜ್ಯ ಮಾಡುವುದು, ದಾರಿಗೆ ಏಳು ಕಾವಲುಕಟ್ಟೆ ಹಾಕುವುದು.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ಬೊಮ್ಮಕ್ಕ. ಹೊಳೆಯಾಚೆಯಿಂದ ಬುಟ್ಟಿ ತುಂಬ ಉಪ್ಪು ಹೊತ್ತು ತಂದು ಏಳೂ ಊರಿಗೆ ಮಾರುವವಳು ಅವಳು. ಏಳು ಕಟ್ಟೆ ಅಂದರೆ ಏಳು ಸಲ ಬುಟ್ಟಿ ಇಳಿಸಿ ತೋರಿಸಬೇಕು, ಏಳು ಸಲ ಮತ್ತೆ ತಲೆಗೇರಿಸಬೇಕು. ತುಂಬಿದ ಹೊರೆಯನ್ನು ಹೊತ್ತವರು ತಾವೇ ಎತ್ತಿಕೊಳ್ಳಲೂ ಆಗದು, ಇಳಿಸಿಕೊಳ್ಳಲೂ ಆಗದು. ಕಟ್ಟೆ ಕಟ್ಟೆಗೂ ಕಾವಲುಗಾರನ ಕೈಕಾಲು ಹಿಡಿಯುತ್ತ ಎಷ್ಟು ದಿನ ನಡೆದಾಳು? ತನ್ನ ಕಸುಬು ಇವತ್ತಿಗೆ ಮುಗಿಯಿತೆಂದುಕೊಂಡಳು. ಬುಟ್ಟಿ ಹೊತ್ತುಕೊಂಡೇ ಜನರ ನಡುವೆ ನಿಂತಳು.

ಕಡವಿನಯ್ಯ ಎಂದರೆ ಮೊಣಕಾಲುದ್ದದ ಒಂದು ಕಲ್ಲು. ಅದಕ್ಕೆ ಬೆಳ್ಳಿಯ ಕಣ್ಣು, ಬೆಳ್ಳಿಯ ಮೀಸೆ. ಚಕ್ರವರ್ತಿಯ ತಲೆಯೋ, ಬೂದುಗುಂಬಳದಷ್ಟು ಇತ್ತಂತೆ. ಪೂಜಾರಿ ಮಂತ್ರ ಹೇಳಿ ಕಿರೀಟ ಇಟ್ಟ. ಅದು ಸರ್ರನೆ ಜಾರಿ ಕಣ್ಣು ಮೀಸೆಗಳನ್ನೆಲ್ಲ ನುಂಗಿ ನೆಲಕ್ಕೆ ಕೂತಿತು. ರಾಜರು ಎಲ್ಲಿ ಎಂದರೆ ಕಿರೀಟದೊಳಗಿದ್ದಾರೆ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲವೂ ಹಾಗೇ ಆದಾಗ ಗೌಡರು ಸೂರ್ಯನ ಕಡೆ ನೋಡಿದರು, ಕಿರೀಟ ತುಂಡು ಮಾಡಲೆಂದು ಅವರು ಕರೆತಂದಿದ್ದ ಅಕ್ಕಸಾಲಿಗ ಉಳಿ ಹೊರಗೆ ತೆಗೆದ.

ಬೊಮ್ಮಕ್ಕನಿಗೆ ತಡೆಯಲಾಗಲಿಲ್ಲ. ಪಕ್ಕದವರಿಂದ ಬುಟ್ಟಿ ಇಳಿಸಿಕೊಂಡಳು. ತಲೆಗೂ ಬುಟ್ಟಿಗೂ ನಡುವೆ ಇಟ್ಟುಕೊಂಡಿದ್ದ ಹಳೇ ಸೀರೆಯ ಸಿಂಬೆಯನ್ನು ತೆಗೆದು ನೆಟ್ಟಗೆ ದೇವರ ಬಳಿಗೆ ನಡೆದಳು. ಯಾರಾದರೂ ಬರಿತಲೆಯ ಮೇಲೆ ಹೊರೆ ಹೊರಿಸುತ್ತಾರೆಯೇ ಎಂದು ಬೈಯುತ್ತ ಸಿಂಬೆಯನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಕಿರೀಟ ಇಟ್ಟಳು. ಕಿರೀಟ ಅಲುಗಾಡದೆ ಕೂತಿತು.

"ನಿನ್ನ ಬೆವರು ಕುಡಿದ ಬಟ್ಟೆ ರಾಜನ ತಲೆಗೇ?" ಎಂದು ಪೂಜಾರಿ ಕೆಂಡವಾದ.

"ಇವತ್ತಿನಿಂದ ಅವನೂ ಹೊರುವವರ ಪೈಕಿಯೇ ಅಲ್ಲವೇ, ಅಯ್ಯನೋರೇ?" ಎಂದಳು ಬೊಮ್ಮಕ್ಕ.

ಪೂಜಾರಿ ಅದನ್ನು ಕಿತ್ತು ರೇಷ್ಮೆಯ ಸಿಂಬೆ ಮಾಡಿಸಿದ. ರೇಷ್ಮೆ ಜಾರಿತು, ಕಿರೀಟ ದೇವರ ಮೂಗಿಗೆ ಬಂತು. ಇನ್ನೂ ದಪ್ಪ ಸುತ್ತಿಸಿದ. ಈ ಸಲ ಕಿರೀಟ ವಾಲಿಕೊಂಡು ಒಂದೇ ಕಣ್ಣು ಕಾಣಿಸಿತು. ಏಳು ಗೌಡರಲ್ಲಿ ಒಬ್ಬನಿಗೆ ನಗು ಬಂತು, ಆಮೇಲೆ ಏಳೂ ಜನಕ್ಕೆ ಬಂತು. ಒಟ್ಟಿಗೆ ನಕ್ಕವರು ಮತ್ತೆ ಜಗಳಕ್ಕೆ ಮುಖ ಗಂಟಿಕ್ಕುವುದು ಹೇಗೆ? ಬೊಮ್ಮಕ್ಕನ ಸಿಂಬೆಯೇ ಇರಲಿ ಎಂದರು. ಅಕ್ಕಸಾಲಿಗ ಉಳಿಯನ್ನು ಚೀಲಕ್ಕೆ ಹಾಕಿದ. ಏಳೂ ಊರಿನವರು ಕಡವಿನಲ್ಲಿ ಒಂದೇ ಸಾಲಿಗೆ ಕೂತು ಉಂಡರು. ಅಂದಿನ ಸಾರಿಗೆ ಬೊಮ್ಮಕ್ಕನದೇ ಉಪ್ಪು.

ಹೊತ್ತು ಇಳಿಯಿತು, ಜನ ಕೈ ತೊಳೆದು ಹೊರಟರು. ಬೊಮ್ಮಕ್ಕ ಮಾತ್ರ ಹೋಗಲಿಲ್ಲ. ಪೂಜಾರಿಗೆ ರಾಜನ ಜೊತೆ ಒಬ್ಬನೇ ಇರಬೇಕಾಗಿತ್ತು, ಅಪ್ಪಣೆಗಳು ಆಗಲೇ ಅವನ ನಾಲಿಗೆಯ ತುದಿಗೆ ಬಂದಿದ್ದವು. ಇನ್ನೇನು ಕೆಲಸ, ಮನೆಗೆ ಹೋಗು ಎಂದು ಗದರಿದ. ಹೊರೆ ಎತ್ತಿಕೊಟ್ಟವಳು ನಾನು, ಇಳಿಸದೆ ಹೋದರೆ ನಮ್ಮ ಕಸುಬಿನವರು ನನ್ನ ಮುಖ ನೋಡುವುದಿಲ್ಲ ಎಂದು ಅವಳು ಕಿರೀಟ ಇಳಿಸಿಯೇ ಬಿಟ್ಟಳು. ಸಿಂಬೆ ತೆಗೆದು, ಜೊತೆಯವರಿಗೆ ಮಾಡುವಂತೆ ಆ ಕಲ್ಲಿನ ನೆತ್ತಿಯನ್ನು ಅಂಗೈಯಿಂದ ಉಜ್ಜಿ, ಇನ್ನು ಉಸ್ಸಪ್ಪ ಅನ್ನು ಎಂದಳು. ಬರಿತಲೆಯ ರಾಜನ ಹೆಸರಿನಲ್ಲಿ ಅಪ್ಪಣೆ ಹೊರಡಿಸುವುದು ಹೇಗೆ? ಪೂಜಾರಿ ಅಪ್ಪಣೆಗಳನ್ನು ನುಂಗಿಕೊಂಡ.

ಆ ರಾಜ್ಯದಲ್ಲಿ ಅದೇ ಕಟ್ಟಳೆಯಾಯಿತು. ಬೆಳಿಗ್ಗೆ ಹೊರೆ ಹೊರುವವರೊಬ್ಬರು ಬಂದು ತಮ್ಮ ಸಿಂಬೆ ಕೊಟ್ಟು ಕಿರೀಟ ಏರಿಸಬೇಕು, ಸಂಜೆ ಅವರೇ ಬಂದು ಇಳಿಸಬೇಕು. ಇಳಿಸಿದ ಮೇಲೆ ಅಪ್ಪಣೆ ಇಲ್ಲ, ದಂಡನೆ ಇಲ್ಲ. ಮಕ್ಕಳು ರಾಜನಿಗೆ ಒರಗಿ ಕೂತು ಹುರಿಗಡಲೆ ತಿನ್ನುತ್ತಿದ್ದರು. ಪೂಜಾರಿ ಮೊದಮೊದಲು ಸಿಡಿಮಿಡಿಗೊಂಡ. ಆಮೇಲೆ ಅವನಿಗೂ ಸಂಜೆಗಳು ಸಿಕ್ಕವು, ಹೊಳೆಗೆ ಕಾಲು ಇಳಿಬಿಟ್ಟು ಹಾಡಿಕೊಳ್ಳುವುದನ್ನು ಕಲಿತ. ಬೊಮ್ಮಕ್ಕ ಕೂದಲು ಬೆಳ್ಳಗಾಗುವವರೆಗೂ ಒಂದೂ ಕಟ್ಟೆಯಿಲ್ಲದ ದಾರಿಯಲ್ಲಿ ಕೈಬೀಸಿಕೊಂಡು ಉಪ್ಪು ಹೊತ್ತಳು.

ಮುರಿಗಯ್ಯನ ಮುಖ ಅರಳಿತ್ತು. ಹಾಗಾದರೆ ನನಗೂ ಒಂದು ಒಳ್ಳೆಯ ಸಿಂಬೆ ಹುಡುಕಿಕೊಂಡರೆ ಆಯಿತು ಎಂದು ಹುರುಪಿನಿಂದ ಇನ್ನೊಂದು ಕಾಯಿ ಎತ್ತಿಕೊಂಡ.

"ನಾಳೆ ಬೆಳಿಗ್ಗೆ ಏರಿಸಲು ನೂರು ಜನ ಬರುತ್ತಾರೆ, ಸಂಜೆ ಇಳಿಸಲು ಯಾರಿಗೆ ಹೇಳಿದ್ದೀಯ?" ಎಂದರು ಗುರುಗಳು.

ಮುರಿಗಯ್ಯನ ಕೈ ಸುಮ್ಮನಾಯಿತು.