ಸಾಲಿನ ಬಾಯಲ್ಲಿ ರಂಗೋಲಿ

ಊರಾಚೆಯ ಆಟದ ಪಾರ್ಕಲ್ಲಿ ಒಂದು ತಲೆಕೆಳಗಾಗಿ ತಿರುಗೋ ರೈಲು. ಅದಕ್ಕೆ ಜನರನ್ನ ಹತ್ತಿಸೋ ಕೆಲಸ ಚೆಲುವಕ್ಕನದು. ಚಪ್ಪಲಿ ಮೆಟ್ಟಿ ಹತ್ತೋ ಹಾಗಿಲ್ಲ, ಹಾರಿ ಯಾರ ತಲೆ ಮೇಲಾದರೂ ಬಿದ್ದೀತು. ಹತ್ತೋರು ರೈಲಿನ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಚ್ಚೋರು, ಇಳಿದೋರು ಅದನ್ನ ಹುಡುಕಿಕೊಂಡು ವಾಪಸು ನುಗ್ಗೋರು. ಬಿಸಿಲಲ್ಲಿ ಸಾಲು ಬೆಳೀತಾನೇ ಇರೋದು.

"ನಾಳೆ ಸಾಲು ಕರಗದಿದ್ರೆ ನೀನು ಮನೆಗೆ ನಡಿ!" ಅಂತ ಮ್ಯಾನೇಜರು ಗುಡುಗಿದರು.

"ಚಪ್ಪಲಿ ಹೊರಗೇ ಬಿಡಿ ಅಂದ್ರೆ ಯಾರೂ ಕೇಳಲ್ಲ ಸಾರ್."

"ಬೋರ್ಡು ಹಾಕಿಸಿದೀನಲ್ಲ, ತೋರಿಸು!"

ಚೆಲುವಕ್ಕ ಬೋರ್ಡು ತೋರಿಸಲಿಲ್ಲ. ಬೆಳಿಗ್ಗೆ ಬೇಗ ಬಂದು, ಸಾಲು ಶುರುವಾಗೋ ಕಡೆ, ಇಳಿದೋರು ಹೊರಬರೋ ದಾರಿಯ ಪಕ್ಕದಲ್ಲೇ ನೀರು ಚಿಮುಕಿಸಿ ದೊಡ್ಡದೊಂದು ರಂಗೋಲಿ ಬಿಟ್ಟಳು. ಮೇಲೆ ಮಾವಿನ ತೋರಣ ಕಟ್ಟಿದಳು. ಅಷ್ಟೇ! ಬಂದೋರೆಲ್ಲ ತಾವಾಗೇ ಅಲ್ಲೇ ಚಪ್ಪಲಿ ಬಿಟ್ಟರು. ಹತ್ತಿದರು, ಇಳಿದರು, ಹೊರಗೆ ಬಂದು ಮೆಟ್ಟಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಸಾಲೇ ಇಲ್ಲ.

ಮ್ಯಾನೇಜರು ಧುಮುಗುಡುತ್ತ ಬಂದರು. "ಇದೇನು ಪಾರ್ಕೋ, ದೇವಸ್ಥಾನವೋ? ಅಳಿಸು ಮೊದಲು!" ಅನ್ನುತ್ತಲೇ ಬಗ್ಗಿ, ಬೂಟು ಬಿಚ್ಚಿ ಪಕ್ಕಕ್ಕಿಟ್ಟರು.

"ಸಾರ್, ನಿಮ್ಮ ಬೂಟು..." ಅಂದಳು ಚೆಲುವಕ್ಕ.

ಅವರು ಕೆಳಗೆ ನೋಡಿದರು. ತೂತು ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು.

"ನಾಳೆಯಿಂದ ಬಣ್ಣಾನೂ ತುಂಬಮ್ಮ," ಅಂದರು ಮೆಲ್ಲಗೆ.

ಚೆಲುವಕ್ಕನಿಗೆ ಹೋದ ಜೀವ ಬಂತು ನೋಡಿ.