ಮತ್ತೆ ಬನ್ನಿ ಎನ್ನದವಳು

"ಸರ್, ನಾ ಒಂದೂ ಮಾತು ಬಿಟ್ಟಿಲ್ಲರಿ. ನಮಸ್ಕಾರದಿಂದ ಹಿಡಿದು ಮತ್ತ ಬರ್ರಿ ಅನ್ನೋತನಕ ನೀವು ಕಲಿಸಿದ್ದು ಎಲ್ಲಾ ಹೇಳೇನಿ. ಆದರೂ ಪೂರಾ ಮಾರ್ಕ್ಸ್ ಯಾಕ ಕೊಡಲಿಲ್ಲರಿ?"

ಕೇಳಿದವನು ಪ್ರಭುಲಿಂಗ, ಕಾಮರ್ಸ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ. ವ್ಯವಹಾರ ಸಂವಹನ ಎಂಬ ವಿಷಯಕ್ಕೆ ಹಿಂದಿನ ದಿನ ಬಾಯಿಪರೀಕ್ಷೆ ನಡೆದಿತ್ತು. ಸಂಕಪ್ಪ ಮಾಸ್ತರು ಗಿರಾಕಿಯಾಗಿ ಕೂರುವುದು, ವಿದ್ಯಾರ್ಥಿ ಅಂಗಡಿಯವನಾಗಿ ಮಾತಾಡುವುದು. ಪ್ರಭುಲಿಂಗ ಅರಳು ಹುರಿದಂತೆ ಮಾತಾಡಿದ್ದ. ಇಡೀ ತರಗತಿ ಚಪ್ಪಾಳೆ ಹೊಡೆದಿತ್ತು.

ಮಾಸ್ತರು ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡರು. "ಕೂಡು. ಒಂದು ಕತಿ ಹೇಳ್ತೀನಿ," ಎಂದು ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ, ಆದರೆ ಮೂಗಿನ ತುದಿಯಲ್ಲಿ ಸಿಟ್ಟು. ಅವನ ಅಂಗಡಿಗೆ ಒಂದು ಕಟ್ಟಳೆ ಇತ್ತು. ಯಾರೇ ಬರಲಿ, ಕೊಳ್ಳಲಿ ಬಿಡಲಿ, ಅವರು ಹೊಸ್ತಿಲು ದಾಟುವಾಗ ಕೈಮುಗಿದು 'ಮತ್ತೆ ಬನ್ನಿ' ಎನ್ನಲೇಬೇಕು. ಆ ಮಾತನ್ನು ಅಂಗಡಿಯ ಚೀಲದ ಮೇಲೂ ಅಚ್ಚು ಹಾಕಿಸಿದ್ದ, ಪಕ್ಕದಲ್ಲಿ ನಗುವ ಮದುಮಗಳ ಚಿತ್ರ. ಅನ್ನಲು ಮರೆತವರನ್ನು ಅದೇ ದಿನ ಮನೆಗೆ ಕಳಿಸಿದ್ದೂ ಉಂಟು.

ಆ ಅಂಗಡಿಗೆ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ನೀನು ಓದುವ ಇದೇ ಪಾಠ ಓದಿ ಬಂದವಳು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ, ಕೆಲಸ ಹೋದರೆ ಒಲೆ ಹೊತ್ತುವುದೂ ಕಷ್ಟ. ಕಲಿತದ್ದನ್ನೆಲ್ಲ ಅಚ್ಚುಕಟ್ಟಾಗಿ ಬಳಸುತ್ತಿದ್ದಳು. ವ್ಯಾಪಾರಿಗೂ ಅವಳ ಮೇಲೆ ಅಭಿಮಾನವಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ಮದುವೆಯ ಹಂಗಾಮು. ಅಂಗಡಿ ತುಂಬ ಬೀಗರು, ನಗು, ಚೌಕಾಸಿ. ಆ ಗದ್ದಲದ ನಡುವೆ ಒಬ್ಬ ರೈತ ಒಬ್ಬನೇ ಒಳಗೆ ಬಂದ. ಹುಡುಗಿ ನಮಸ್ಕಾರ ಮಾಡಿ ಏನು ಬೇಕೆಂದು ಕೇಳಿದಳು.

"ತಂಗೀಗೆ ಒಂದು ಹಸರು ಸೀರಿ ಬೇಕವಾ. ಯಾವುದಾದರೂ ನಡೀತೈತಿ. ಲಗೂ ಕೊಡು, ಆಕೀ ಗಂಡನ ಊರಾಗ ಎಲ್ಲಾರೂ ಇದಕ್ಕ ಕಾಯಾಕ ಹತ್ಯಾರ."

ಪಾಠದ ಪ್ರಕಾರ ಅವಳು ಈಗ ನಗಬೇಕಿತ್ತು. ಏನು ಸಮಾರಂಭ ಎಂದು ವಿಚಾರಿಸಬೇಕಿತ್ತು. ಇನ್ನೂ ನಾಲ್ಕು ಸೀರೆ ಬಿಡಿಸಿ ತೋರಿಸಬೇಕಿತ್ತು. ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಅವನ ಮಾತನ್ನು ಕೇಳಿಸಿಕೊಂಡಿದ್ದಳು. ತಂಗಿಗೆ ಸೀರೆ ಒಯ್ಯುವ ಅಣ್ಣ ಯಾವುದಾದರೂ ನಡೆಯುತ್ತದೆ ಎನ್ನುತ್ತಾನೆಯೆ? ಇವನು ಬಟ್ಟೆಯನ್ನು ಮುಟ್ಟಿ ನೋಡಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ಮುತ್ತೈದೆ ತೀರಿಕೊಂಡರೆ ಮೈಮೇಲೆ ಹೊದಿಸುವ ಕೊನೆಯ ಹಸಿರು ಸೀರೆ ತವರಿನಿಂದಲೇ ಬರಬೇಕು. ಅದು ಬರುವ ತನಕ ಹೆಣ ಎತ್ತುವುದಿಲ್ಲ. ವಿಷಯ ತಿಳಿದ ಹುಡುಗಿ ಹಸಿರು ಸೀರೆಗಳನ್ನಷ್ಟೇ ತೆಗೆದು ಅವನ ಮುಂದಿಟ್ಟಳು.

"ತಂಗೀಗೆ ಎಂಥಾ ದಡಿ ಸೇರತೈತ್ರಿ, ಅಣ್ಣಾರ?" ಎಂದಷ್ಟೇ ಕೇಳಿದಳು.

ರೈತ ಮೊದಲ ಸಲ ತಲೆ ಎತ್ತಿ ಸೀರೆಗಳ ಕಡೆ ನೋಡಿದ. ಕೆಂಪು ಅಂಚಿನದೊಂದನ್ನು ತನ್ನ ಕೈಯಾರೆ ಆರಿಸಿದ. ಎಂಥ ಹುಡುಗಿ ನೋಡು! ಯಾವುದೋ ಒಂದು ಸೀರೆ ಹಿಡಿದು ಓಡಲು ಬಂದವನು, ತಂಗಿಗೆ ಇಷ್ಟವಾದ ಸೀರೆ ಒಯ್ಯುವಂತಾಯಿತು.

ನಗುವ ಮದುಮಗಳ ಚೀಲವನ್ನು ಅವಳು ಮುಟ್ಟಲಿಲ್ಲ. ಸೀರೆಯನ್ನು ಬಿಳಿ ಕಾಗದದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟಳು. ಹೊಸ್ತಿಲ ತನಕ ಜೊತೆಗೆ ನಡೆದಳು. ಕೈಮುಗಿದಳು. ಮತ್ತೆ ಬನ್ನಿ ಎನ್ನಲಿಲ್ಲ. ಸಾವಿನ ಕೆಲಸಕ್ಕೆ ಬಂದವರಿಗೆ ನಮ್ಮಲ್ಲಿ ಹಾಗೆ ಅನ್ನುವ ರೂಢಿಯಿಲ್ಲ. ಸಾವಿನ ಮನೆಯಿಂದ ಹೊರಡುವವರೂ ಬರುತ್ತೇನೆ ಎನ್ನದೆ ಸುಮ್ಮನೆ ಎದ್ದು ಹೋಗುತ್ತಾರೆ.

ಗಾದಿಯ ಮೇಲೆ ಕೂತ ವ್ಯಾಪಾರಿ ಇದನ್ನು ನೋಡಿದ. ಇಡೀ ಅಂಗಡಿಗೆ ಕೇಳುವಂತೆ ಕೂಗಿದ. "ಏನವಾ, ಬಾಯಿಗೆ ಬೀಗ ಹಾಕ್ಕೊಂಡಿಯೇನು? ಗಿರಾಕಿಗೆ ಮತ್ತ ಬರ್ರಿ ಅನ್ನಾಕ ಏನಾಗೇತಿ ನಿನಗ? ನಾಳಿಂದ ನೀ ಬರೂದು ಬ್ಯಾಡ."

ಕಾರಣ ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಆದರೆ ರೈತ ಇನ್ನೂ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟುತ್ತಿದ್ದ. ಅವನ ತಂಗಿಯ ಸಾವನ್ನು ಮದುವೆ ಸೀರೆಗಳ ನಡುವೆ ಸಾರಿ, ತನ್ನ ಹೊಟ್ಟೆಪಾಡು ಉಳಿಸಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. "ತಪ್ಪಾತ್ರಿ," ಎಂದು ತಲೆ ತಗ್ಗಿಸಿ ನಿಂತಳು.

ರೈತ ತಿರುಗಿ ಬಂದ. ಹೊಸ್ತಿಲ ಆಚೆಯೇ ನಿಂತು ಹೇಳಿದ.

"ಯಜಮಾನ್ರ, ಇದು ನನ್ನ ತಂಗೀ ಕಡೀ ಸೀರಿರಿ. ನಾ ಹೇಳಲಾರದನ ಈ ತಾಯಿ ತಿಳಕೊಂಡ್ಳು. ಇವತ್ತ ಹಿಂಗ ಅನ್ನಬಾರದು, ಆದರೂ ಅಂತೀನಿ. ಆಕಿ ಮತ್ತ ಬರ್ರಿ ಅನ್ನಲಿಲ್ಲ ನೋಡ್ರಿ, ಅದಕ್ಕ ಮಗಳ ಮದಿವಿ ಸೀರಿಗೆ ನಾ ಇಲ್ಲಿಗೇ ಬರತೀನಿ."

ವ್ಯಾಪಾರಿ ಗಾದಿಯಿಂದ ಕೆಳಗಿಳಿದ. ಕೈಮುಗಿದ. ದಿನವಿಡೀ ಆಡುವ ಮಾತು ಅವನ ಬಾಯಿಗೂ ಬರಲಿಲ್ಲ. ರೈತ ಕಣ್ಮರೆಯಾಗುವ ತನಕ ಇಬ್ಬರೂ ಹಾಗೇ ನಿಂತಿದ್ದರು. ಆಮೇಲೆ ವ್ಯಾಪಾರಿ ಹುಡುಗಿಯ ಮುಖ ನೋಡದೆ, ನಾಳೆ ಹೊತ್ತಿಗೆ ಸರಿಯಾಗಿ ಬರಬೇಕು ಎಂದು ಗದರಿಸಿ ಮತ್ತೆ ಗಾದಿ ಹತ್ತಿದ.

ಕತೆ ಮುಗಿಯಿತು. ಪ್ರಭುಲಿಂಗನ ಕಣ್ಣು ತೇವವಾಗಿತ್ತು. ಅಂಥ ಹುಡುಗಿಯ ಹತ್ತಿರ ತಾನೂ ಒಂದು ಸೀರೆ ಕೊಳ್ಳಬೇಕು ಅನ್ನಿಸಿತ್ತು. ಆದರೆ ಎಷ್ಟಾದರೂ ಪರೀಕ್ಷೆಗೆ ಓದುವ ಹುಡುಗ. ಕಣ್ಣು ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದ.

"ಹಂಗಾದ್ರ ಸರ್, ಎಂಥೆಂಥಾ ಗಿರಾಕಿಗೆ ಯಾವ ಯಾವ ಮಾತು ಬಿಡಬೇಕು, ಹೇಳಿಬಿಡ್ರಿ. ಬರಕೋತೀನಿ."

ಮಾಸ್ತರು ನಕ್ಕರು.

"ಅದಿರಲಿ, ನಿನ್ನೆ ನಿನ್ನ ಮುಂದ ಗಿರಾಕಿಯಾಗಿ ಕುಂತಾಗ ನಾ ಏನು ಬೇಕಂತ ಕೇಳಿದ್ದೆ, ಹೇಳು?"

ಪ್ರಭುಲಿಂಗನಿಗೆ ತಾನು ಆಡಿದ ಮಾತಷ್ಟೇ ನೆನಪಿತ್ತು. ಪೆನ್ನಿಗೆ ಮುಚ್ಚಳ ಹಾಕಿದ.